ದೆವ್ವಕ್ಕೂ ಜಾತಿ ಕೇಳುವ ಊರಲ್ಲಿ

ನಮ್ಮ ಕಡೆ ದೆವ್ವಗಳಿಗೂ ಜಾತಿಯಿದೆ. ತಮಾಷೆಗೆ ಹೇಳುತ್ತಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸುತ್ತಿನ ಯಾವ ಹಳ್ಳಿಯಲ್ಲಾದರೂ ಹಳಬರನ್ನು ಕೂರಿಸಿ ಕೇಳಿ ನೋಡಿ. ಬ್ರಾಹ್ಮಣ ಸತ್ತು ಗತಿ ಕಾಣದೆ ಹೋದರೆ ಬ್ರಹ್ಮರಾಕ್ಷಸನಾಗುತ್ತಾನೆ. ಅವನ ವಾಸ ಅರಳಿ ಮರದಲ್ಲಿ. ಅವನಿಗೆ ವೇದ ಗೊತ್ತು, ನಿಧಿ ಇರುವ ಜಾಗ ಗೊತ್ತು, ಏನೋ ಶಾಪ ತಗುಲಿ ಹಾಗಾಗಿದ್ದಾನೆ ಅಷ್ಟೆ. ಅವನನ್ನು ಯಾರೂ ಹೊಡೆದು ಓಡಿಸುವುದಿಲ್ಲ. ಶಾಂತಿ ಮಾಡಿಸುತ್ತಾರೆ, ಕಲ್ಲು ನಿಲ್ಲಿಸಿ ದೀಪ ಹಚ್ಚುತ್ತಾರೆ. ಉಳಿದವರು ಸತ್ತರೆ ಬರೀ ದೆವ್ವ. ಅವುಗಳ ವಾಸ ಹುಣಸೆ ಮರದಲ್ಲಿ, ಕೆರೆ ಕೋಡಿಯಲ್ಲಿ. ಅವುಗಳಿಗೆ ಬೇವಿನ ಸೊಪ್ಪು, ಪೊರಕೆ, ಹಳೇ ಮೆಟ್ಟು. ಯಾರದೋ ಮೈಮೇಲೆ ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ ಏನು? 'ಯಾರು ನೀನು, ಯಾವೂರು, ಯಾರ ಪೈಕಿ?' ಬದುಕಿದ್ದಾಗ ಬಸ್ಸಿನ ಸೀಟಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ ಎದುರಾದ ಪ್ರಶ್ನೆ ಸತ್ತ ಮೇಲೂ ಬೆನ್ನು ಬಿಡುವುದಿಲ್ಲ.

ಹೀಗಿರುವಾಗ, ಜಾತಿಯ ಬಗ್ಗೆ ತಿಳಿಯಬೇಕಾದರೆ ದೆವ್ವದ ಕಥೆ ಓದಿ ಎಂದು ಹೇಳಿದರೆ ನಮ್ಮ ಸಾಹಿತ್ಯವಲಯ ಯಾಕೆ ಮೂಗು ಮುರಿಯುತ್ತದೆ ಎನ್ನುವುದೇ ನನ್ನ ಜಗಳ. ಭಯದ ಕಥೆ ಎಂದರೆ ರೈಲಿನಲ್ಲಿ ಓದಿ ಸೀಟಿನ ಮೇಲೆ ಬಿಟ್ಟುಬರುವ ಸರಕು ಎಂಬ ತೀರ್ಮಾನ ಇಲ್ಲಿ ಎಂದೋ ಆಗಿಹೋಗಿದೆ. ಆದರೆ ಇದೇ ತೀರ್ಪು ಕೊಟ್ಟವರು ಜೋರ್ಡನ್ ಪೀಲೆಯ 'ಗೆಟ್ ಔಟ್' ನೋಡಿ ಗೋಷ್ಠಿಯಲ್ಲಿ ಮಾತಾಡುತ್ತಾರೆ, ಟೋನಿ ಮಾರಿಸನ್ನಳ 'ಬಿಲವೆಡ್' ಪಠ್ಯವಾದರೆ ಹೆಮ್ಮೆಪಡುತ್ತಾರೆ. ಅಮೆರಿಕದ ದೆವ್ವ ಬಂದರೆ ಅದು ವರ್ಣಭೇದದ ರೂಪಕ. ನಮ್ಮ ದೆವ್ವ ಬಂದರೆ ಮೌಢ್ಯ. ಆಮದು ದೆವ್ವಕ್ಕೆ ಸೋಫಾ, ನಾಡ ದೆವ್ವಕ್ಕೆ ಪೊರಕೆ. ಇದಕ್ಕಿಂತ ಅಚ್ಚುಕಟ್ಟಾದ ಜಾತಿವ್ಯವಸ್ಥೆ ಬೇಕೇ?

ಚಿಕ್ಕಂದಿನಲ್ಲಿ ನಮಗೆಲ್ಲ ಒಂದು ನಕ್ಷೆ ಕಲಿಸಿದ್ದರು. ಕತ್ತಲಾದ ಮೇಲೆ ಕೋಡಿಯ ಕಡೆ ಹೋಗಬೇಡ, ಹುಣಸೆ ತೋಪಿನ ಕಡೆ ಹೋಗಬೇಡ, ಸುಡುಗಾಡಿನ ದಾರಿಯಲ್ಲಿ ತಿರುಗಿ ನೋಡಬೇಡ. (ಹುಣಸೆ ಮರವೆಂದರೆ ದೆವ್ವ ಎನ್ನುವ ಲೆಕ್ಕದಲ್ಲಿ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ತೋಪು ದೆವ್ವಗಳ ಮಹಾನಗರವೇ ಆಗಬೇಕು. ಸರ್ಕಾರ 2007ರಲ್ಲಿ ಅದನ್ನು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಅಲ್ಲಿಗೆ ಹೋದವರನ್ನು ಇರುವೆ ಕಚ್ಚಬಹುದು, ಬೇರೇನೂ ಆಗುವುದಿಲ್ಲ.) ಬೆಳೆದ ಮೇಲೆ ಆ ನಕ್ಷೆಯನ್ನು ಹಗಲಲ್ಲಿ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಊರಿನ ಆ ಭಯದ ಅಂಚಿನಲ್ಲೇ, ಸುಡುಗಾಡಿಗೆ ಹತ್ತಿರ, ಕೆರೆಯ ಹಿಂದೆ, ಕೇರಿಯೂ ಇರುತ್ತದೆ. ಊರು ಹೆದರುವ ಜಾಗದಲ್ಲಿ ಯಾರನ್ನು ಇರಿಸಿದೆ ನೋಡಿ. ರಾತ್ರಿ ತೂಬು ತೆಗೆಯಲು ಹೋಗಬೇಕಾದ ನೀರಗಂಟಿ, ಸಾವಿನ ಸುದ್ದಿ ಹೊತ್ತು ಹತ್ತೂರು ನಡೆಯಬೇಕಾದ ತೋಟಿ ದೆವ್ವಕ್ಕೆ ಹೆದರಿ ಮನೆಯಲ್ಲಿ ಕೂತಿದ್ದರೆ ಊರು ನಡೆಯುತ್ತಿರಲಿಲ್ಲ. ಹೆದರುವುದಕ್ಕೂ ಒಂದು ಅನುಕೂಲ ಬೇಕು.

ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಬೆಂಗಳೂರಿನ ಶ್ರೀರಾಂಪುರದ ಹುಡುಗನಿಗೆ ಸ್ಮಶಾನವೇ ಓದುವ ಕೋಣೆ. ಬೇರೆಯವರಿಗೆ ಮೈ ನಡುಗಿಸುವ ಜಾಗ ಅವರಿಗೆ ಗದ್ದಲವಿಲ್ಲದ ಜಾಗ. ಅವರು ದೆವ್ವಗಳ ಬಗ್ಗೆ, ಗ್ರಾಮದೇವತೆಗಳ ಬಗ್ಗೆ ಬರೆಯುವಾಗ ನಗುತ್ತಾರೆ. ನಾವೂ ನಗುತ್ತೇವೆ, ಆಮೇಲೆ ಆ ನಗು ಯಾರ ಮೇಲಿತ್ತು ಎಂದು ಯೋಚಿಸಬೇಕಾಗುತ್ತದೆ. ಆ ಪುಸ್ತಕವನ್ನು 'ಹಾಸ್ಯಪ್ರಜ್ಞೆಯುಳ್ಳ ಆತ್ಮಕಥೆ' ಎಂದು ಹಣೆಪಟ್ಟಿ ಹಚ್ಚಿ ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಮಾಡಿದ್ದೇವೆ.

ನಾನು ಹೇಳಬೇಕೆಂದಿರುವುದನ್ನು ನಮ್ಮ ದೊಡ್ಡಬಳ್ಳಾಪುರದವರೇ ಆದ ಡಿ.ಆರ್. ನಾಗರಾಜ್ ಮೂರು ದಶಕಗಳಿಗೂ ಹಿಂದೆ ಬೇರೆ ಮಾತುಗಳಲ್ಲಿ ಹೇಳಿದ್ದರು. ಜಾತಿಯನ್ನು ಬರೆಯಲು ವಾಸ್ತವವಾದವೊಂದೇ ದಾರಿ ಎಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ. ದಲಿತರನ್ನು ಬರೀ ನೋವಿನ ಮೂಟೆಯಾಗಿ ನೋಡುವ ಬರವಣಿಗೆ, ಆ ಸಮುದಾಯಗಳ ದೇವರು, ದೆವ್ವ, ವಿಸ್ಮಯಗಳನ್ನೆಲ್ಲ ಬಾಗಿಲ ಹೊರಗೇ ನಿಲ್ಲಿಸುತ್ತದೆ ಎನ್ನುವುದು ಅವರ ತಕರಾರು. ಅವರು 1998ರಲ್ಲಿ, ಇನ್ನೂ 44ರ ಹರೆಯದಲ್ಲಿ ತೀರಿಕೊಂಡರು. ಊರಿನಲ್ಲಿ ಅವರ ಹೆಸರು ಹೇಳುವವರು ಇದ್ದಾರೆ. ಆ ತಕರಾರನ್ನು ಮುಂದಕ್ಕೆ ಒಯ್ದವರು ಕಡಿಮೆ.

ಎರಡು ಕಾದಂಬರಿಗಳನ್ನು ಎದುರುಬದುರು ಇಟ್ಟು ನೋಡೋಣ. 1933ರ 'ಚೋಮನ ದುಡಿ'ಯಲ್ಲಿ ಚೋಮನಿಗೆ ಬೇಕಾದದ್ದು ಒಂದು ತುಂಡು ನೆಲ, ತಾನೇ ಉಳಬೇಕು. ಹೊಲೆಯ ಬೇಸಾಯ ಮಾಡುವಂತಿಲ್ಲ ಎನ್ನುತ್ತದೆ ಊರು. ಮತಾಂತರವಾದರೆ ನೆಲ ಸಿಗಬಹುದೆಂದು ಹೊರಟವನನ್ನು ಅರ್ಧ ದಾರಿಯಲ್ಲಿ ತಡೆದು ಹಿಂದಕ್ಕೆ ಕಳಿಸುವುದು ಧಣಿಯಲ್ಲ, ಪೊಲೀಸಲ್ಲ, ಪಂಜುರ್ಲಿ ಭೂತದ ಭಯ. ಕಾರಂತರು ಆ ಜಾಗದಲ್ಲಿ ದೊಡ್ಡ ಮಾತೇನೂ ಆಡುವುದಿಲ್ಲ. ಆದರೆ ಗಮನಿಸಿ, ಅಲ್ಲಿ ಭೂತ ಕಾವಲುಗಾರ. ಜಾತಿಯ ಗೇಟಿಗೆ ನಿಂತಿರುವ ಕಾವಲುಗಾರ. ಅದಕ್ಕೆ ಸಂಬಳವನ್ನೂ ಕೊಡಬೇಕಿಲ್ಲ.

ಈಗ ದೇವನೂರ ಮಹಾದೇವರ 'ಕುಸುಮಬಾಲೆ' ತೆಗೆಯಿರಿ. ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಹುಡುಗ ಚೆನ್ನನ ಕೊಲೆಯಾಗಿದೆ. ಊರಿಗೆ ಅವನು ಎಲ್ಲಿಗೋ ಹೋದವನು. ಕೊಲೆಯನ್ನು ಕಂಡು ಹೇಳುವವರು ಯಾರು? ರಾತ್ರಿ ಮನೆಮನೆಯ ದೀಪ ಆರಿದ ಮೇಲೆ ಜೋತಮ್ಮಗಳು ಒಂದೆಡೆ ಸೇರುತ್ತವೆ, ತಮ್ಮ ತಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿಕೊಳ್ಳುತ್ತವೆ. ಮಂಚ ಬಾಯಿ ಬಿಡುತ್ತದೆ. ಮನುಷ್ಯರು ಬಾಯಿಗೆ ಬೀಗ ಹಾಕಿಕೊಂಡ ಊರಿನಲ್ಲಿ ದೀಪ ಮತ್ತು ಮರದ ಸಾಮಾನು ಮಾತಾಡಬೇಕಾಗಿದೆ. ಕಾರಂತರ ಕಾದಂಬರಿಯಲ್ಲಿ ಕಾವಲು ನಿಂತಿದ್ದ ಅದೃಶ್ಯಲೋಕ ಇಲ್ಲಿ ಸಾಕ್ಷಿಕಟ್ಟೆ ಹತ್ತಿದೆ. 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಈ ಪುಸ್ತಕದ ಬಗ್ಗೆ ಭಾಷೆ, ಲಯ, ಕಾವ್ಯಗುಣ ಎಂದೆಲ್ಲ ರಾಶಿ ಬರೆದಿದ್ದಾರೆ, ಮಾಂತ್ರಿಕ ವಾಸ್ತವ ಎಂದು ಲ್ಯಾಟಿನ್ ಅಮೆರಿಕದಿಂದ ಅಂಗಿಯನ್ನೂ ತಂದು ತೊಡಿಸಿದ್ದಾರೆ. ಇದೊಂದು ಭಯದ ಕಥೆ ಎಂದು ಮಾತ್ರ ನನ್ನ ಯಾವ ಮೇಷ್ಟರೂ ಹೇಳಲಿಲ್ಲ. ಓದಿದ ರಾತ್ರಿ ನಾನು ದೀಪ ಆರಿಸಲು ಹಿಂಜರಿದೆ. ಜೋತಮ್ಮ ನಮ್ಮ ಮನೆಯದನ್ನೂ ಹೋಗಿ ಹೇಳಿಬಿಟ್ಟರೆ?

ಸಾಕ್ಷಿ ಎಂಬ ಪದವನ್ನು ಸುಮ್ಮನೆ ಬಳಸಲಿಲ್ಲ. ನಮ್ಮ ಜಿಲ್ಲೆಯ ಆಚೆಗೇ ಇರುವ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟು ಕೊಂದರು. ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಾನೂನಿನ ಪ್ರಕಾರ ಆ ಏಳು ಜನರನ್ನು ಯಾರೂ ಕೊಂದಿಲ್ಲ. ಹೇಳಿ, ಇದನ್ನು ವಾಸ್ತವವಾದಿ ಶೈಲಿಯಲ್ಲಿ ಹೇಗೆ ಬರೆಯುತ್ತೀರಿ? ಕಡತದಲ್ಲಿರುವ ವಾಸ್ತವವೇ 'ಯಾರೂ ಕೊಲ್ಲಲಿಲ್ಲ' ಎಂದಿರುವಾಗ? ಬದುಕಿರುವ ಸಾಕ್ಷಿಗೆ ಹೊಲ ಇದೆ, ಮಕ್ಕಳಿದ್ದಾರೆ, ನಾಳೆ ಅದೇ ಊರಿನ ಅಂಗಡಿಯಲ್ಲಿ ಸಾಲಕ್ಕೆ ನಿಲ್ಲಬೇಕು. ಅವನು ತಿರುಗಿಬಿದ್ದನೆಂದು ನಾನು ಬೈಯಲಾರೆ. ಹೆದರಿಸಲಾಗದ ಸಾಕ್ಷಿ ಒಂದೇ, ಅದು ಸತ್ತವನದು. ದೆವ್ವಕ್ಕೆ ಬೆದರಿಕೆ ಹಾಕಲು ಬರುವುದಿಲ್ಲ, ಅದಕ್ಕೆ ರಾಜಿ ಪಂಚಾಯಿತಿ ಮಾಡಿಸಲು ಬರುವುದಿಲ್ಲ.

ಟೋನಿ ಮಾರಿಸನ್ ಮಾಡಿದ್ದು ಇದನ್ನೇ. 1856ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿದ ಮಾರ್ಗರೆಟ್ ಗಾರ್ನರ್ ಎಂಬ ಹೆಂಗಸು, ಹಿಡಿಯಲು ಬಂದವರ ಕೈಗೆ ಮಗುವನ್ನು ಒಪ್ಪಿಸಲಾರದೆ ತಾನೇ ಕೊಂದಳು. ಪತ್ರಿಕೆಗಳು ಸುದ್ದಿ ಬರೆದವು, ವಕೀಲರು ವಾದಿಸಿದರು. ಆ ಮಗುವಿನ ಕಡೆಯಿಂದ ಮಾತ್ರ ಯಾರೂ ಮಾತಾಡಿರಲಿಲ್ಲ. 1987ರ ಕಾದಂಬರಿಯಲ್ಲಿ ಮಾರಿಸನ್ ಆ ಮಗುವನ್ನು ಬೆಳೆದ ಹುಡುಗಿಯ ರೂಪದಲ್ಲಿ ಮನೆಗೆ ಮರಳಿ ಕರೆತಂದಳು, ಊಟಕ್ಕೆ ಕೂರಿಸಿದಳು. ಇತಿಹಾಸದ ಪುಸ್ತಕದಿಂದ ಆಗದ ಕೆಲಸ ಅದು. ಕಂಬಾಲಪಲ್ಲಿಯ ಏಳು ಮಂದಿ ಮರಳಿ ಬಂದು ಬಾಗಿಲು ತಟ್ಟುವ ಕನ್ನಡ ಕಾದಂಬರಿಯನ್ನು ನಾನಂತೂ ಓದಿಲ್ಲ. ಓದಬೇಕೆಂದು ಕಾಯುತ್ತಿದ್ದೇನೆ.

'ಹೀಗಾದರೆ?' ಎಂದು ಕೇಳುವ ಧೈರ್ಯ ನಮ್ಮಲ್ಲಿ ಇರಲಿಲ್ಲವೆಂದಲ್ಲ. ಶಂಬೂಕನನ್ನು ಕೊಲ್ಲಲು ಬಿಟ್ಟ ಬಾಣ ತಿರುಗಿ, ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋದರೆ? 'ಶೂದ್ರ ತಪಸ್ವಿ' ಬರೆದಾಗ ಕುವೆಂಪು ಕೇಳಿದ್ದು ಅಷ್ಟೆ. ಮಾಸ್ತಿಯವರಂಥವರಿಗೇ ಅದು ಹಿಡಿಸಲಿಲ್ಲ, ಹಳೆಯ ಕಥೆಯನ್ನು ಹೀಗೆ ತಿರುಚಬಾರದು ಎಂದರು. ತಿರುಚಿದ್ದರಿಂದಲೇ ಬಾಣ ಯಾರ ಕಡೆ ನೆಟ್ಟಿತ್ತು ಎನ್ನುವುದು ಕಂಡಿತು.

ಇನ್ನು ನನಗೆ ಎದುರಾಗುವ ಆಕ್ಷೇಪಣೆಗಳು. ಗಂಭೀರ ಸಾಹಿತ್ಯದವರು ಹೇಳುವುದು: ಜನರ ನಿಜವಾದ ನೋವನ್ನು ಮೈ ಜುಮ್ಮೆನಿಸುವ ಮನರಂಜನೆ ಮಾಡಬಾರದು. ಮಾತು ಗೌರವದಿಂದ ಬಂದದ್ದು, ಆದ್ದರಿಂದ ಉತ್ತರವನ್ನೂ ಅವರೇ ಗೌರವಿಸುವ ಪುಸ್ತಕದಿಂದಲೇ ಕೊಡುತ್ತೇನೆ. 1965ರ 'ಸಂಸ್ಕಾರ'ವನ್ನು ನವ್ಯದ ಕನ್ನಡಕ ತೆಗೆದಿಟ್ಟು ಒಮ್ಮೆ ಓದಿ. ಅಗ್ರಹಾರದ ಮಧ್ಯೆ ಒಂದು ಹೆಣ ಕೊಳೆಯುತ್ತಿದೆ. ಅದನ್ನು ಎತ್ತುವವರಿಲ್ಲ, ಎತ್ತುವವರೆಗೆ ಯಾರೂ ಉಣ್ಣುವಂತಿಲ್ಲ. ಇಲಿಗಳು ಹೊರಬಂದು ಗಿರಗಿರ ತಿರುಗಿ ಸಾಯುತ್ತಿವೆ. ಮಾಡಿನ ಮೇಲೆ ಹದ್ದುಗಳು ಕೂತಿವೆ. ಇದು ಭಯಾನಕ ಕಥೆಯಲ್ಲದೆ ಮತ್ತೇನು? ಪ್ರಾಣೇಶಾಚಾರ್ಯರ ಅಸ್ತಿತ್ವದ ಬಿಕ್ಕಟ್ಟು ಎಂದು ಹಾಡಿದ್ದೇ ಹಾಡಿ, ಮೂಗಿಗೆ ಬಡಿಯುವ ಆ ವಾಸನೆಯನ್ನು ತರಗತಿಯಿಂದ ಹೊರಹಾಕಿದ್ದೇವೆ. ಅದರ ಜೊತೆಗೆ ಇನ್ನೊಂದೂ ಹೊರಗೆ ಹೋಯಿತು. ಅದೇ ಪ್ಲೇಗಿಗೆ ಕೇರಿಯಲ್ಲೂ ಜನ ಸಾಯುತ್ತಾರೆ. ಅವರ ಹೆಣಕ್ಕಾಗಿ ಯಾರೂ ತಾಳೆಗರಿ ತಿರುವಿಹಾಕುವುದಿಲ್ಲ. ಗುಡಿಸಲ ಸಮೇತ ಬೆಂಕಿ ಇಟ್ಟು ಮುಗಿಸುತ್ತಾರೆ. ಕಾದಂಬರಿ ಅದನ್ನು ಸುಮ್ಮನೆ ಹೇಳಿ ಮುಂದೆ ಹೋಗುತ್ತದೆ. ಭಯದ ಕಥೆಯ ಓದುಗನಿಗೆ ಒಂದು ಅಭ್ಯಾಸವಿರುತ್ತದೆ, ಮೂಲೆಯಲ್ಲಿ ಕಂಡೂ ಕಾಣದಂತೆ ಕದಲಿದ್ದು ಏನು ಎಂದು ಅವನು ತಿರುಗಿ ನೋಡುತ್ತಾನೆ. ಆ ಗುಡಿಸಲ ಬೆಂಕಿ ನನಗೆ ಕಂಡಿದ್ದು ಹಾಗೆ ಓದಿದಾಗಲೇ.

ವಿಚಾರವಾದಿ ಗೆಳೆಯರ ಆಕ್ಷೇಪಣೆ ಇನ್ನೊಂದು. ಮೌಢ್ಯ ನಿಷೇಧಕ್ಕೆ 2017ರಲ್ಲಿ ಕಾಯ್ದೆ ತರಲು ಎಷ್ಟು ವರ್ಷ ಹೋರಾಡಬೇಕಾಯಿತು, ಈಗ ನೀನು ದೆವ್ವಗಳನ್ನು ಮತ್ತೆ ಕರೆಯುತ್ತಿದ್ದೀಯಲ್ಲ ಎನ್ನುತ್ತಾರೆ. ದೆವ್ವ ಬಿಡಿಸುತ್ತೇನೆಂದು ಹೆಣ್ಣುಮಕ್ಕಳನ್ನು ಹೊಡೆಯುವವನನ್ನು ಜೈಲಿಗೆ ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಥೆಯ ದೆವ್ವವನ್ನು ಓದುವವನು ಅದನ್ನು ನಂಬಬೇಕಿಲ್ಲ, ಅದು ಯಾಕೆ ಬಂತೆಂದು ಕೇಳಿದರೆ ಸಾಕು. ಮಂತ್ರವಾದಿ ಕೇಳುವುದು 'ಯಾವಾಗ ಬಿಟ್ಟು ಹೋಗ್ತೀಯ?' ಎಂದು. ಓದುಗ ಕೇಳಬೇಕಾದದ್ದು 'ಯಾಕೆ ಬಂದೆ?' ಎಂದು. ಈ ವ್ಯತ್ಯಾಸ ತಿಳಿಯದ ವಿಚಾರವಾದ ಪೊರಕೆಯನ್ನೇ ಇನ್ನೊಂದು ಕೈಯಲ್ಲಿ ಹಿಡಿದಂತೆ.

ನನಗೆ ಹೆಚ್ಚು ಸಿಟ್ಟು ಬರುವುದು ಮೂರನೆಯವರ ಮೇಲೆ, ಭಯದ ಕಥೆಗಳ ಅಭಿಮಾನಿಗಳ ಮೇಲೆ. ನನ್ನದೇ ಬಳಗ ಇದು. 'ಕಥೆಯನ್ನ ಕಥೆಯಾಗಿ ನೋಡ್ರೀ, ಜಾತಿ ಯಾಕೆ ತರ್ತೀರಿ?' ಎನ್ನುತ್ತಾರೆ. ತಂದವರು ನಾವಲ್ಲ ಸ್ವಾಮಿ. ಲವ್‌ಕ್ರಾಫ್ಟ್‌ನನ್ನು ತಲೆಯ ಮೇಲೆ ಹೊತ್ತು ತಿರುಗುತ್ತೀರಲ್ಲ, ಅವನ ರಾಕ್ಷಸರು ಹುಟ್ಟಿದ್ದೇ ನ್ಯೂಯಾರ್ಕಿನ ಬೀದಿಯಲ್ಲಿ ವಲಸಿಗರನ್ನೂ ಕಪ್ಪುಜನರನ್ನೂ ಕಂಡು ಅವನಿಗಾದ ಅಸಹ್ಯದಿಂದ. 'ದಿ ಹಾರರ್ ಅಟ್ ರೆಡ್ ಹುಕ್' ಓದಿದರೆ ಅದು ಮುಚ್ಚಿಟ್ಟ ವಿಷಯವೂ ಅಲ್ಲ. ವಿಶ್ವ ಫ್ಯಾಂಟಸಿ ಪ್ರಶಸ್ತಿಯ ಪ್ರತಿಮೆ ಅವನ ಮುಖದ್ದೇ ಆಗಿತ್ತು. ಆ ಮುಖವನ್ನು ಮನೆಯಲ್ಲಿ ಹೇಗೆ ಇಟ್ಟುಕೊಳ್ಳಲಿ ಎಂದು ಎನ್ನೆಡಿ ಒಕೊರಾಫೊರ್ ಥರದ ಕಪ್ಪು ಲೇಖಕಿಯರು ಕೇಳಿದ ಮೇಲೆ 2015ರಲ್ಲಿ ಕೈಬಿಟ್ಟರು. ಮರುವರ್ಷ ವಿಕ್ಟರ್ ಲವ್ಯಾಲ್ ಅದೇ ರೆಡ್ ಹುಕ್ ಕಥೆಯನ್ನು ಹಾರ್ಲೆಮ್ಮಿನ ಕಪ್ಪು ಯುವಕನೊಬ್ಬನ ಕಡೆಯಿಂದ ತಿರುಗಿ ಬರೆದ. ಲವ್ಯಾಲ್ ಹುಡುಗನಾಗಿದ್ದಾಗ ಲವ್‌ಕ್ರಾಫ್ಟ್‌ನನ್ನು ಪ್ರೀತಿಯಿಂದ ಓದಿದವನೇ. ಪ್ರೀತಿಸಿದವನ ಜೊತೆ ಜಗಳವಾಡುವ ರೀತಿ ಅದು. ಪುಸ್ತಕ ಸುಡಲಿಲ್ಲ, ಕಥೆ ಬರೆದ.

ನಾವು ಪ್ರೀತಿಸಿದ್ದರ ಜೊತೆ ಹೀಗೆ ಜಗಳವಾಡಿದ್ದೇವೆಯೇ? 2004ರ 'ಆಪ್ತಮಿತ್ರ'ವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸೌಂದರ್ಯ ಕಣ್ಣರಳಿಸಿ ನಿಂತಾಗ ಈಗಲೂ ಮೈ ನವಿರೇಳುತ್ತದೆ. ಆದರೆ ಕಥೆ ಏನು? ಒಬ್ಬ ನರ್ತಕಿಯನ್ನು ಒಬ್ಬ ರಾಜ ಊರಿಂದ ತಂದು, ಕೂಡಿಹಾಕಿ, ಕೊಂದ. ಅವಳಿಗೆ ಬೇಕಾದದ್ದು ಅವನ ಮೇಲೆ ಸೇಡು. ಕೊನೆಗೆ ಆಗುವುದೇನು? ಡಾಕ್ಟರೂ ಆಚಾರ್ಯರೂ ಸೇರಿ ಅವಳ ಮುಂದೆ ಒಂದು ಬೊಂಬೆ ಇಟ್ಟು ಮೋಸ ಮಾಡುತ್ತಾರೆ. ಅವಳು ತೃಪ್ತಳಾಗಿ ಹೋಗುತ್ತಾಳೆ, ಬಂಗಲೆ ಕೊಂಡವರು ಸುಖವಾಗಿ ಸಂಸಾರ ಮಾಡುತ್ತಾರೆ. ನ್ಯಾಯ ಸಿಕ್ಕಲಿಲ್ಲ, ಮನೆ ಖಾಲಿಯಾಯಿತು. ನಮ್ಮ ಬಹುಪಾಲು ಭಯದ ಸಿನಿಮಾಗಳು ತಕರಾರಿನ ಆಸ್ತಿಯನ್ನು ತೆರವು ಮಾಡಿಸುವ ಕಥೆಗಳು. ದೆವ್ವ ಅಕ್ರಮ ನಿವಾಸಿ, ಮಂತ್ರವಾದಿ ಅಮೀನ.

ಆಸ್ತಿಯ ಮಾತು ಬಂದಿದ್ದರಿಂದ ನಮ್ಮ ಜಿಲ್ಲೆಗೇ ಬರುತ್ತೇನೆ. ಭಯದ ಕಥೆಗೆ ಇದಕ್ಕಿಂತ ಫಲವತ್ತಾದ ನೆಲ ಈಗ ಯಾವುದಿದೆ ಹೇಳಿ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಹೊಲಗಳೆಲ್ಲ ಸೈಟುಗಳಾದವು. ಕಲ್ಲುಬೇಲಿಯ ಮೇಲೆ ಇಟಲಿಯ ಊರುಗಳ ಹೆಸರು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರವನ್ನು ಹಿಂದೆ ಸರಿಸಿದರು. ಈ ನಡುವೆ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಹೆಣ ಹೂಳಲು ಜಾಗವೇ ಇಲ್ಲ. 2019ರಲ್ಲಿ ಹೈಕೋರ್ಟ್ ಸ್ಮಶಾನಕ್ಕೆ ಜಾಗ ಕೊಡಿ ಎಂದು ಆದೇಶಿಸಿತು, ಕೊಡದಿದ್ದಾಗ ನ್ಯಾಯಾಂಗ ನಿಂದನೆಯ ಅರ್ಜಿಯೂ ನಡೆಯಿತು. ಜಾಗವಿಲ್ಲದವರಲ್ಲಿ ಯಾರು ಹೆಚ್ಚೆಂದು ನಾನು ಹೇಳಬೇಕಿಲ್ಲ. ಹಿಂದಿನವರ ಗುಂಡಿಗಳ ಮೇಲೆ ಲೇಔಟ್ ಎದ್ದು, ಅದರ ಕ್ಲಬ್‌ಹೌಸಿನ ಕೊಳದಲ್ಲಿ ನಡುರಾತ್ರಿ ನೀರು ಕದಡಿದರೆ ಅದು ಹಾಲಿವುಡ್ಡಿನಿಂದ ಕದ್ದ ದೃಶ್ಯವಾಗುವುದಿಲ್ಲ.

2017ರ 'ಗೆಟ್ ಔಟ್' ನಮಗೆ ಕಲಿಸುವುದೂ ಇಂಥದ್ದನ್ನೇ. ಚಿತ್ರಕಥೆಗೆ ಆಸ್ಕರ್ ಪಡೆದ ಆ ಸಿನಿಮಾದಲ್ಲಿ ಕಪ್ಪು ಹುಡುಗನನ್ನು ಹೆದರಿಸುವವರು ಮುಸುಕು ಹಾಕಿದ ಪುಂಡರಲ್ಲ, ಒಬಾಮನಿಗೆ ಇನ್ನೊಂದು ಸಲವೂ ವೋಟು ಹಾಕುತ್ತಿದ್ದೆ ಎನ್ನುವ ಸಭ್ಯ ಮಾವ. ನೆಲಮಂಗಲದಲ್ಲೋ ದೊಡ್ಡಬಳ್ಳಾಪುರದಲ್ಲೋ ಮನೆ ಹುಡುಕಿದವರಿಗೆ ಈ ಮಾವ ಗೊತ್ತು. 'ನಾವು ಜಾತಿಗೀತಿ ನೋಡಲ್ಲಪ್ಪ, ನೀವು ವೆಜ್ಜು ತಾನೇ?' ಎಂದು ಕಾಫಿ ಕೊಡುತ್ತಾರೆ. ನನ್ನ ಸ್ನೇಹಿತನೊಬ್ಬನಿಗೆ ಒಂದೇ ತಿಂಗಳಲ್ಲಿ ಆರು ಮನೆಗಳಲ್ಲಿ ಕಾಫಿ ಸಿಕ್ಕಿತು, ಮನೆ ಸಿಗಲಿಲ್ಲ. ಆರನೆಯ ಕಾಫಿಯ ಲೋಟ ಕೆಳಗಿಡುವಾಗ ಅವನ ಕೈ ನಡುಗುತ್ತಿತ್ತಂತೆ. ಆ ನಡುಕವನ್ನು ಸಮಾಜಶಾಸ್ತ್ರದ ವರದಿ ಅಳೆಯುವುದಿಲ್ಲ. ಬಾಗಿಲು ಹಿಂದೆ ತಾನಾಗಿ ಮುಚ್ಚಿಕೊಳ್ಳುವ ಸದ್ದನ್ನು ಹೇಗೆ ಕೇಳಿಸಬೇಕು ಎನ್ನುವುದು ಭಯದ ಕಥೆಗಾರನಿಗೆ ಮಾತ್ರ ಗೊತ್ತಿರುವ ವಿದ್ಯೆ.

ಹೊಸಕೋಟೆಯ ಪಕ್ಕದ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರಿನಲ್ಲಿ ಏನಾಯಿತೆಂದು ನೆನಪಿದೆಯೇ? ಊರಹಬ್ಬದ ಮೆರವಣಿಗೆಯಲ್ಲಿ ದೇವರ ಕೋಲೊಂದನ್ನು ದಲಿತ ಬಾಲಕ ಮುಟ್ಟಿದ. ಮನೆಯವರಿಗೆ 60,000 ರೂಪಾಯಿ ದಂಡ. ಹಬ್ಬ ನಡೆಯುತ್ತಿದ್ದದ್ದು ಯಾರ ಹೆಸರಲ್ಲಿ? ಭೂತಮ್ಮನ ಹೆಸರಲ್ಲಿ. ಹೆಸರಲ್ಲೇ ಭೂತವಿರುವ ತಾಯಿಗೆ ಒಬ್ಬ ಹುಡುಗನ ಬೆರಳು ಸೋಕಿದ್ದಕ್ಕೆ ಇಡೀ ಊರು ಬೆಚ್ಚಿಬಿತ್ತು. ಯಾರಿಗೆ ಯಾರ ಭಯ ಇಲ್ಲಿ? ಆ ರಾತ್ರಿ ಆ ಕೋಲು ಬಾಯಿ ಬಿಟ್ಟಿದ್ದರೆ ಏನು ಹೇಳುತ್ತಿತ್ತು? ಮಂಚವನ್ನು ಮಾತಾಡಿಸಿದ ಭಾಷೆ ನಮ್ಮದು, ಕೋಲನ್ನು ಮಾತಾಡಿಸಲು ಬಾರದೇ?

ಇಂಗ್ಲಿಷಿನಲ್ಲಿ ಕೆಲಸ ಶುರುವಾಗಿದೆ. ಆಕ್ಟೇವಿಯಾ ಬಟ್ಲರ್‌ಳನ್ನು ಗುರುವಾಗಿ ಕಂಡ ಮಿಮಿ ಮೊಂಡಲ್ ಇದ್ದಾರೆ. 2024ರಲ್ಲಿ ಚೆನ್ನೈನ ಬ್ಲಾಫ್ಟ್ ಪ್ರಕಾಶನ ಜಾತಿವಿರೋಧಿ ವಿಜ್ಞಾನ ಕಥೆಗಳದ್ದೇ ಒಂದು ದಪ್ಪ ಸಂಕಲನ ತಂದಿದೆ. ಕನ್ನಡದ ಹುಡುಗ ಹುಡುಗಿಯರು ಅದನ್ನು ಓದಲಿ, ಸಂತೋಷ. ಆದರೆ ಅದಕ್ಕೂ ಮೊದಲು 'ಕುಸುಮಬಾಲೆ' ಕೈಗೆತ್ತಿಕೊಳ್ಳಲಿ. ಭಾಷೆ ಅರ್ಥವಾಗುವುದಿಲ್ಲ ಎಂಬ ದೂರು ನನಗೆ ಗೊತ್ತು. ನಂಜನಗೂಡು ಕಡೆಯ ಆ ಮಾತು ನಮ್ಮ ಬಳ್ಳಾಪುರದವರಿಗೂ ಮೊದಲ ಓದಿಗೆ ಬಾಗಿಲು ತೆರೆಯುವುದಿಲ್ಲ. ಕಣ್ಣಲ್ಲಿ ಓದಬೇಡಿ. ರಾತ್ರಿ, ನಾಲ್ಕು ಜನ ಕೂತು, ಒಬ್ಬರು ಜೋರಾಗಿ ಓದಿ. ಜೋತಮ್ಮಗಳು ಸೇರುವ ಪುಟ ಬಂದಾಗ ಟ್ಯೂಬ್‌ಲೈಟ್ ಆರಿಸಿ, ಮೊಬೈಲಿನ ಬೆಳಕು ಸಾಕು. ಓದು ಮುಗಿದ ಮೇಲೆ ಯಾರಾದರೂ ಒಬ್ಬರು ತಮ್ಮೂರಿನ ದೆವ್ವದ ಕಥೆ ಹೇಳುತ್ತಾರೆ, ಹೇಳದೆ ಇರುವುದಿಲ್ಲ. ಆಗ ಆ ದೆವ್ವ ಬದುಕಿದ್ದಾಗ ಯಾರ ಹೊಲದಲ್ಲಿ ಕೂಲಿಗಿತ್ತು ಎಂದು ಕೇಳಿ.